ಒಂದೇ ಮನೆ, ಎರಡು ಒಲೆ

ಬೀಗಲ್‌ಬೋನ್ ಎಐ ಎಂಬುದು 2019ರಲ್ಲಿ ಬಂದ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಬೋರ್ಡು. ಅದರ ಚಿಪ್ಪಿನೊಳಗೆ ಲಿನಕ್ಸ್ ನಡೆಸುವ ಎರಡು ಆರ್ಮ್ ಕೋರುಗಳು ಉಂಟು. ಪಕ್ಕದಲ್ಲೇ ಸಿ66ಎಕ್ಸ್ ಎಂಬ ಎರಡು ಡಿಎಸ್‌ಪಿ ಕೋರುಗಳೂ ಉಂಟು. ಸದ್ದೋ ಚಿತ್ರವೋ ಅಂಕಿಗಳ ಸಾಲಾಗಿ ಬಂದಾಗ ಎಡೆಬಿಡದೆ ಗುಣಿಸಿ ಕೂಡಿಸುವುದೇ ಡಿಎಸ್‌ಪಿಯ ಕಸುಬು.

ನನಗೆ ಇದರ ಹುಚ್ಚು ಹಿಡಿದದ್ದು ಕ್ಯಾಸೆಟ್ಟುಗಳಿಂದ. ದೊಡ್ಡಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳಿದ್ದು ಒಂದು ಬಿಸ್ಕತ್ತು ಡಬ್ಬಿ ತುಂಬ ಉಂಟು. ಎಲ್ಲದರಲ್ಲೂ ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದು. ಕಿವಿ ಮಂದವಾದ ಅಪ್ಪನಿಗೆ ಅದರೊಳಗೆ ಮಾತು ಸಿಗುವುದಿಲ್ಲ. "ಅಣ್ಣ ಎಂತ ಹೇಳಿದ್ದು?" ಎಂದು ನನ್ನನ್ನು ಕೇಳುತ್ತಾರೆ.

ಸತ್ಯ ಹೇಳುವುದಾದರೆ, ಕ್ಯಾಸೆಟ್ಟಿಗೆ ಡಿಎಸ್‌ಪಿ ಬೇಕಂತಲೇ ಇಲ್ಲ. ಆ 50 ಹರ್ಟ್ಸನ್ನು ತೆಗೆಯುವ ಫಿಲ್ಟರಿಗೆ ಒಂದು ಸ್ಯಾಂಪಲ್ಲಿಗೆ ಐದು ಗುಣಾಕಾರ. ಸೆಕೆಂಡಿಗೆ 48,000 ಸ್ಯಾಂಪಲ್ ಆದರೆ 2,40,000. ಆರ್ಮಿಗೆ ಅದು ಲೆಕ್ಕಕ್ಕೇ ಇಲ್ಲ. ಗುಂಯ್ ಸದ್ದಿನ ಮರಿಗಳು 100ರಲ್ಲಿ, 150ರಲ್ಲಿ ಕೂತಿರುತ್ತವೆ. ಅಲ್ಲೂ ಅಗಲವಾಗಿ ಕೊರೆದರೆ ಗಂಡಸಿನ ದನಿಯ ಬುಡಕ್ಕೇ ಪೆಟ್ಟು. ಸಪೂರ ಕೊರೆದರೆ, ಟೇಪಿನ ವೇಗ ಏರುಪೇರಾದ ಕಡೆ ಗುಂಯ್ ತಪ್ಪಿಸಿಕೊಳ್ಳುತ್ತದೆ. ಅಪ್ಪ ಎರಡನ್ನೂ ಕೇಳಿ, "ಸದ್ದು ಸ್ವಲ್ಪ ಇರಲಿ, ಅಣ್ಣನ ಗಂಟಲು ಹಾಗೇ ಇರಲಿ" ಅಂದರು.

ನನ್ನ ಆಸೆ ಬೇರೆ ಉಂಟು: ದೇವಸ್ಥಾನದ ಕೂಟದಲ್ಲಿ ಮೈಕಿನ ಮಾತನ್ನು ಆಗಿಂದಾಗಲೇ ಸೋಸಿ ಅಪ್ಪನ ಕಿವಿಗೆ ಕೊಡುವುದು. 256 ಸ್ಯಾಂಪಲ್ಲಿನ ಕಂತು 5.3 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ. ಆಗ ಲಿನಕ್ಸು ಬೇರೆ ಯಾವುದೋ ಚಾಕರಿಯಲ್ಲಿದ್ದರೆ ಮಾತು ಕಡಿಯಿತು. ಡಿಎಸ್‌ಪಿಗೆ ಬೇರೆ ಗಿರಾಕಿ ಇಲ್ಲ.

ಹೊಸಬರಿಗೆ ಕಷ್ಟ ಗಣಿತದ್ದಲ್ಲ, ಇವೆರಡರ ಮಾತುಕತೆಯದ್ದು. ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ. ಪತ್ತಾಯ ಮಾತ್ರ ಒಂದೇ. ಡಿಎಸ್‌ಪಿಯ ಪ್ರೋಗ್ರಾಮನ್ನು ಅದರದೇ ಕಂಪೈಲರಿನಲ್ಲಿ ಕಟ್ಟಬೇಕು. ಆ ಫೈಲನ್ನು ಫರ್ಮ್‌ವೇರ್ ಫೋಲ್ಡರಿನಲ್ಲಿಟ್ಟರೆ ಲಿನಕ್ಸಿನ ರಿಮೋಟ್‌ಪ್ರಾಕ್ ಅದನ್ನು ಡಿಎಸ್‌ಪಿಗೆ ತುಂಬಿ ಎಬ್ಬಿಸುತ್ತದೆ. ತನಗೆ ಎಷ್ಟು ಮೆಮೊರಿ, ಎಲ್ಲಿ ಬೇಕು ಎಂಬ ಪಟ್ಟಿ ಫೈಲಿನೊಳಗೇ ಇರಬೇಕು. ಅದಕ್ಕೆ ರಿಸೋರ್ಸ್ ಟೇಬಲ್ ಎನ್ನುತ್ತಾರೆ. ಎದ್ದ ಮೇಲೆ ಚೀಟಿ ವ್ಯವಹಾರ, ಅದರ ಹೆಸರು ಆರ್‌ಪಿಎಂಎಸ್‌ಜಿ. ಒಂದು ಚೀಟಿಯಲ್ಲಿ ಸಾಧಾರಣವಾಗಿ 496 ಬೈಟು ಹಿಡಿಯುತ್ತದೆ. ನಮ್ಮ 256 ಸ್ಯಾಂಪಲ್ಲಿಗೆ 512 ಬೇಕು, ನೋಡಿ, ಹದಿನಾರಕ್ಕೆ ಕೊರತೆ! ಹಾಗಾಗಿ ಸದ್ದಿನ ಮೂಟೆಯನ್ನು ಇಬ್ಬರಿಗೂ ಸೇರಿದ ಮೆಮೊರಿಯಲ್ಲಿಟ್ಟು, "ಇಂಥಲ್ಲಿ ಉಂಟು" ಎಂದಷ್ಟೇ ಬರೆದು ಕಳಿಸುವುದು ಕ್ರಮ.

ಆಗ ಬರುತ್ತದೆ ಕ್ಯಾಶ್‌ನ ಕಿತಾಪತಿ. ಭತ್ತ ಪತ್ತಾಯಕ್ಕೆ ಸೇರಿತೆಂದು ಅಣ್ಣ ಚೀಟಿ ಕಳಿಸಿದ. ಭತ್ತ ಇನ್ನೂ ಅವನ ಜಗಲಿಯಲ್ಲೇ ಉಂಟು. ತಮ್ಮ ಮುಚ್ಚಳ ತೆಗೆದರೆ ಹೋದ ವರ್ಷದ್ದು. ಆದ್ದರಿಂದ ಆರ್ಮ್ ತಾನು ಬರೆದದ್ದನ್ನು ಮೆಮೊರಿಗೆ ತಳ್ಳಬೇಕು, ಡಿಎಸ್‌ಪಿ ಓದುವ ಮೊದಲು ತನ್ನಲ್ಲಿರುವ ಹಳೆಯ ಪ್ರತಿಯನ್ನು ಬಿಸಾಡಬೇಕು. ಇಲ್ಲಿ ತಪ್ಪಿದರೆ ಪರದೆಯಲ್ಲಿ ದೂರು ಬರುವುದಿಲ್ಲ. ಕಿವಿಗೆ ಮಾತ್ರ ಗೊತ್ತಾಗುತ್ತದೆ: ಹೇಳಿದ ತುಣುಕೇ ಇನ್ನೊಮ್ಮೆ.

ಕಲಿಯಬೇಕೆನ್ನುವ ಮಕ್ಕಳು ಮೊದಲು ಒಂದು ಅಂಕಿ ಕಳಿಸಿ, ಡಿಎಸ್‌ಪಿಯಿಂದ ಇಮ್ಮಡಿ ಮಾಡಿಸಿ ತರಿಸಿಕೊಳ್ಳಿ. ಐದು ಕಳಿಸಿ ಹತ್ತು ಬಂದ ಮೇಲೆ ಸದ್ದಿನ ಮಾತು. ಬೋರ್ಡು ಭಾನುವಾರ ವಾಚನಾಲಯದಲ್ಲೇ ಇರುತ್ತದೆ. ಯುಎಸ್‌ಬಿ ಹೆಡ್‌ಫೋನ್ ಇದ್ದವರು ತನ್ನಿ.