ಏರುವುದೂ ಪ್ರದಕ್ಷಿಣೆಯೂ

2008ರಲ್ಲಿ ವಿಮಾನನಿಲ್ದಾಣ ಬಂದಂದಿನಿಂದ ದೇವನಹಳ್ಳಿಯವರಿಗೆ ವಿಮಾನವೊಂದು ಸೋಜಿಗವಲ್ಲ. ಆದರೆ ಪಾತ್ರ ವಹಿಸಿ ಕಥೆ ಕಟ್ಟುವ ಆಟಗಳಲ್ಲಿ ತರುಣರು ಏರುವ ವಾಹನವೇ ಬೇರೆ. ಅದಕ್ಕೆ ರೆಕ್ಕೆಯಿಲ್ಲ, ಬೆಂಕಿಯಿಲ್ಲ. ಭೂಮಿಯ ಸೆಳೆತವನ್ನು ಅಳಿಸಿಕೊಂಡು ಸುಮ್ಮನೆ ಮೇಲೇಳುತ್ತದೆ. ಪುಷ್ಪಕದ ಕಥೆ ಕೇಳಿ ಬೆಳೆದವರಿಗೆ ಇದರಲ್ಲಿ ಆಕ್ಷೇಪವೇನಿದ್ದೀತು? (ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ ‘ವೈಮಾನಿಕ ಶಾಸ್ತ್ರ’ದ ವಿಮಾನಗಳು ಹಾರಲಾರವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ವಿದ್ವಾಂಸರು 1974ರಲ್ಲಿ ತೋರಿಸಿದುದು ಬೇರೆಯ ಮಾತು.)

400 ಕಿಲೋಮೀಟರು ಎತ್ತರದಲ್ಲಿ ಸುತ್ತುವ ನಿಲ್ದಾಣವೊಂದರಿಂದ ಆಪತ್ತಿಗೆ ಸಿಕ್ಕವರನ್ನು ಕರೆತರಬೇಕು. ಇದು ಆಟದ ಕಥೆ. ವಾಹನ ಅಲ್ಲಿಗೆ ಏರಿತು. ‘ಇನ್ನು ಯಂತ್ರ ನಿಲ್ಲಿಸಿ ಪ್ರದಕ್ಷಿಣೆ ಬರೋಣ’ ಎನ್ನುತ್ತಾನೆ ಸಾರಥಿ. ನಿಲ್ಲಿಸಿದನೋ, ಕೆಟ್ಟನು! ಅಲ್ಲಿಯೂ ಭೂಮಿಯ ಸೆಳೆತ ನೆಲದಲ್ಲಿರುವುದರ ನೂರಕ್ಕೆ 88ರಷ್ಟು ಉಳಿದಿರುತ್ತದೆ. ವಾಹನ ಕಲ್ಲಿನಂತೆ ಬೀಳುತ್ತದೆ. ನಿಲ್ಲಿಸದಿದ್ದರೂ ಸುಖವಿಲ್ಲ. ಸೆಳೆತವೇ ಇಲ್ಲದ ವಸ್ತು ಕವಣೆಯಿಂದ ಜಾರಿದ ಕಲ್ಲಿನ ಹಾಗೆ ನೆಟ್ಟಗೆ ಹೊರಟುಹೋಗುವುದಲ್ಲದೆ ಸುತ್ತುವುದಿಲ್ಲ.

ಪ್ರದಕ್ಷಿಣೆಗೆ ಬೇಕಾದುದು ಸೆಳೆತದೊಡನೆ ಅಡ್ಡವೇಗ: ಸೆಕೆಂಡಿಗೆ ಸುಮಾರು 7.7 ಕಿಲೋಮೀಟರು. ಆಗ ಬಿದ್ದಷ್ಟೂ ಭೂಮಿಯ ಮೈ ಬಾಗಿ ಸರಿಯುವುದರಿಂದ ನೆಲ ಸಿಕ್ಕುವುದಿಲ್ಲ. ತಿರುಗುವ ದೇವನಹಳ್ಳಿಯ ನೆಲ ಕೊಟ್ಟು ಕಳುಹಿಸುವ ಬಳುವಳಿಯೋ, ಅರ್ಧ ಕಿಲೋಮೀಟರಿಗೂ ಕಡಿಮೆ. ಶಕ್ತಿಯ ಲೆಕ್ಕದಲ್ಲಿ ಎತ್ತುವುದಕ್ಕೆ ಒಂದು ರೂಪಾಯಿ ತಗುಲಿದರೆ ಈ ವೇಗಕ್ಕೆ ಎಂಟು ರೂಪಾಯಿ. ಭಾರ ಕಳೆದುಕೊಳ್ಳುವ ವರದಿಂದ ಉಳಿಯುವುದು ಆ ಒಂದು ರೂಪಾಯಿಯೇ.

ಅಷ್ಟರಲ್ಲಿ ನಿಲ್ದಾಣ ಬರುತ್ತದೆ. ಕೈಚಾಚಿ ನಿಂತ ಸಾರಥಿಯ ಎದುರಿನಲ್ಲೇ, ರೆಪ್ಪೆ ಬಡಿಯುವುದರೊಳಗೆ ದಾಟಿಹೋಗುತ್ತದೆ.