ಸಿಮೆಂಟ್ ದೋಣಿಯೊಳಗೊಂದು ತಗಡಿನ ದೋಣಿ

ತೀರ್ಥಹಳ್ಳಿ ಕಡೆಯ ನಮ್ಮ ಹಂಚಿನ ಮನೆಗಳಲ್ಲಿ ಎರಡು ಮಾಡು ಕೂಡುವ ಜಾಗವೊಂದು ಇದ್ದೇ ಇರುತ್ತದೆ. ಮುಂದೆ ಅಜ್ಜನ ಕಾಲದ ಮನೆ, ಹಿಂದೆ ಆಮೇಲೆ ಕಟ್ಟಿದ ಅಡುಗೆಮನೆ. ಎರಡರ ನೀರೂ ನಡುವಿನ ದೋಣಿಗೇ ಬೀಳಬೇಕು. ಮೊದಲು ಅಲ್ಲಿ ಅಡಿಕೆ ಮರದ ದಂಬೆ ಇಡುತ್ತಿದ್ದರು. ಅದು ಕುಂಬಾಗುತ್ತದೆ, ಮತ್ತೆ ಮತ್ತೆ ಬದಲಿಸಬೇಕು. ಸಿಮೆಂಟು ಸುಲಭವಾಗಿ ಸಿಗತೊಡಗಿದ ಮೇಲೆ ಕಬ್ಬಿಣದ ಸರಳು ಕಟ್ಟಿ ಕಾಂಕ್ರೀಟ್ ದೋಣಿ ಹಾಕಿಸಿದರು. ಇನ್ನು ಚಿಂತೆಯಿಲ್ಲ ಅಂದುಕೊಂಡರು.

ನಮ್ಮ ಮನೆಯ ದೋಣಿ ಹಲವು ವರ್ಷಗಳಿಂದ ಸೋರುತ್ತಿತ್ತು. ಅದರ ಕೆಳಗಿನ ಗೋಡೆಗೆ ಒರಗಿಯೇ ಅಜ್ಜಿಯ ಮಂಚ. ಆರಿದ್ರಾ ಮಳೆ ಹಿಡಿದರೆ ಗೋಡೆ ಒದ್ದೆ, ಹಾಸಿಗೆ ಥಂಡಿ. ಅದೇ ಗೋಡೆಯಲ್ಲಿ ಸ್ವಿಚ್ ಬೋರ್ಡು. ಹೋದ ಮಳೆಗಾಲದಲ್ಲಿ ಲೈಟು ಹಾಕಲು ಹೋದ ಅಮ್ಮನಿಗೆ ಕರೆಂಟು ಹೊಡೆಯಿತು. ಪುಣ್ಯಕ್ಕೆ ಕೈ ಬಿಟ್ಟಿತು. ಅಂದೇ ಆ ಕೋಣೆಯ ಫ್ಯೂಸ್ ತೆಗೆದೆವು. ದೋಣಿ ಸರಿಮಾಡದೆ ಬೇರೆ ದಾರಿ ಇರಲಿಲ್ಲ.

ಕಾಂಕ್ರೀಟ್ ಯಾಕೆ ಸೋರುತ್ತದೆ? ಬಿಸಿಲಿಗೆ ಹಿಗ್ಗಿ, ಮಳೆಗೆ ಕುಗ್ಗಿ ಕೂದಲೆಳೆಯ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರು ಸರಳಿಗೆ ತಲುಪುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಸಿಮೆಂಟನ್ನೇ ಒಡೆಯುತ್ತದೆ. ಮೇಲೆ ಟಾರು ಬಳಿದರೂ ಸಿಮೆಂಟ್ ತಿಳಿ ಹೊಯ್ದರೂ ಬಿರುಕು ಅಲುಗಾಡುವುದು ನಿಲ್ಲುವುದಿಲ್ಲ, ಬಳಿದದ್ದೂ ಅದರ ಜೊತೆಗೇ ಬಿಡುತ್ತದೆ.

ಒಡೆದು ಹೊಸದು ಹಾಕಬೇಕೆಂದರೆ ಎರಡೂ ಮಾಡಿನ ಹಂಚು, ರೀಪು ಬಿಚ್ಚಬೇಕು. ಅಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ತಗಡಿನ ಕೆಲಸದವರು ಬಂದು ನೋಡಿ, "ಹೊರುವ ಕೆಲಸ ಕಾಂಕ್ರೀಟಿಗೇ ಇರಲಿ, ನೀರು ಹಿಡಿಯುವ ಕೆಲಸ ತಗಡಿಗೆ ಕೊಡಿ" ಅಂದರು. ದೋಣಿಯೊಳಗೆ ಅಲ್ಯೂಮಿನಿಯಂ ತಗಡಿನ ಇನ್ನೊಂದು ದೋಣಿ ಕೂರಿಸುವುದು. ನಾನು ಏಣಿ ಹಿಡಿದು ನಿಂತು ಕಂಡದ್ದು ಇಷ್ಟು.

ಮೊದಲು ಪಾಚಿ, ಮಣ್ಣು ಕೆರೆದು ಒಣಗಿಸಿದರು. ನೀರು ಇಳಿಯುವ ಕಡೆಗೆ 10 ಅಡಿಗೆ ಒಂದು ಇಂಚಿನಂತೆ ಇಳಿಜಾರು ಬರುವ ಹಾಗೆ ತೆಳುವಾಗಿ ಗಾರೆ ಹಾಕಿದರು. ಅದು ಒಣಗಿದ ಮೇಲೆ ಟಾರು ಬಳಿದರು. ಇದು ಸೋರಿಕೆ ತಡೆಯಲಿಕ್ಕಲ್ಲ. ಒದ್ದೆ ಸಿಮೆಂಟಿಗೆ ತಾಗಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಹಾಗಾಗಿ ನಡುವೆ ಒಂದು ಪದರ ಬೇಕು.

ನಮ್ಮ ದೋಣಿ 20 ಅಡಿ. ರೋಲ್ ತಗಡು ತಂದಿದ್ದರಿಂದ ಜೋಡಣೆಯೇ ಬರಲಿಲ್ಲ. ಜೋಡಿಸಲೇಬೇಕಾದರೆ ನೀರು ಬರುವ ಕಡೆಯ ತಗಡು ಮೇಲಿರಬೇಕು. ತಳಕ್ಕೆ ಒಂದೂ ಮೊಳೆ ಹೊಡೆಯಲಿಲ್ಲ. ಅಷ್ಟುದ್ದದ ತಗಡು 30 ಡಿಗ್ರಿ ಬಿಸಿಯಾದರೆ ಸುಮಾರು 4 ಮಿ.ಮೀ. ಬೆಳೆಯುತ್ತದೆ, ಬಿಗಿದು ಹಿಡಿದರೆ ಮೊಳೆಯ ತೂತೇ ಹರಿಯುತ್ತದೆ. ಎರಡೂ ಅಂಚನ್ನು ಹಂಚಿನ ಅಡಿಗೆ ಮೇಲಕ್ಕೆ ಮಡಚಿ ಸಡಿಲವಾಗಿ ಕ್ಲಿಪ್ಪು ಹಾಕಿದರು.

ದೋಣಿ ಕಿರಿದಾಗಲೂ ಬಾರದು. 1 ಚದರ ಮೀಟರ್ ಮಾಡಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ಎರಡು ಇಳಿಜಾರು ಸೇರಿ 60 ಚದರ ಮೀಟರ್. ಗಂಟೆಗೆ 50 ಮಿ.ಮೀ. ಸುರಿದರೆ ನಿಮಿಷಕ್ಕೆ 50 ಲೀಟರ್ ಹರಿದುಹೋಗಬೇಕು. ತಗಡಿನ ಬಾಯಿ ಕಾಂಕ್ರೀಟಿನ ಅಂಚು ದಾಟಿ ನೇರ ಪೈಪಿನೊಳಗೆ ಇಳಿದಿರಬೇಕು. ಅಲ್ಲಿ ಸಂದು ಬಿಟ್ಟರೆ ನೀರು ಮತ್ತೆ ತಗಡಿನ ಅಡಿಗೇ ನುಗ್ಗುತ್ತದೆ.

ಹಂಚು ಮುಚ್ಚುವ ಮೊದಲು ಹತ್ತು ಕೊಡ ನೀರು ಹೊಯ್ದು, ಒಳಗೆ ಟಾರ್ಚು ಹಿಡಿದು ನೋಡಿದೆವು. ಒಂದು ಹನಿಯೂ ಇಳಿಯಲಿಲ್ಲ.

ಒಂದು ಮಾತು ಮಾತ್ರ ಮರೆಯಬೇಡಿ. ನಿಮ್ಮ ದೋಣಿಯ ಅಡಿಯಲ್ಲಿ ಸರಳು ಕಾಣುತ್ತಿದ್ದರೆ, ಸಿಮೆಂಟಿನ ಚೂರು ಉದುರುತ್ತಿದ್ದರೆ, ದೋಣಿ ಬಾಗಿದ್ದರೆ ತಗಡು ಹಾಕಿಸಬೇಡಿ. ತಗಡು ನೀರು ಹಿಡಿಯುತ್ತದೆ, ಭಾರ ಹೊರುವುದಿಲ್ಲ. ಸೋರಿಕೆ ನಿಂತಿತೆಂದು ಅದರ ಕೆಳಗೇ ಮಲಗಿದರೆ ಅಪಾಯ. ಅಂಥದ್ದನ್ನು ಒಡೆದು ತೆಗೆಯಲೇಬೇಕು.

ನಮ್ಮದು ಅಷ್ಟು ಕೆಟ್ಟಿರಲಿಲ್ಲ. ಈ ಮಳೆಗಾಲ ಗೋಡೆ ಹೊಸದಾಗಿ ನೆನೆದಿಲ್ಲ. ಒಳಗಿನ ತೇವ ಆರಲು ಇನ್ನೂ ಒಂದು ಬೇಸಿಗೆ ಬೇಕು, ಹಾಗಾಗಿ ಸ್ವಿಚ್ ಬೋರ್ಡನ್ನು ಎದುರಿನ ಗೋಡೆಗೆ ಬದಲಾಯಿಸಿದ್ದೇವೆ. ದೋಣಿಗೆ ಬಿದ್ದ ಹಲಸಿನೆಲೆ ತೆಗೆಯುವ ಕೆಲಸ ಈಗ ನನ್ನದು, ವಾರಕ್ಕೊಮ್ಮೆ.