ಹಿಂದಿನ ಬ್ರೇಕು

ಕಮಲಾಪುರದಲ್ಲಿ ನಾನು ಸೈಕಲ್ ಕಲಿಯುವಾಗ ಅಪ್ಪ ಮೊದಲು ಹೇಳಿಕೊಟ್ಟಿದ್ದು ಬ್ರೇಕಿನ ಪಾಠ.

“ಹಿಂದಿಂದೇ ಹಿಡಿಬೇಕು ನೋಡು. ಮುಂದಿಂದು ಮುಟ್ಟಬ್ಯಾಡ.”

ಅದು ಅವರು ಪೆಟ್ಟು ತಿಂದು ಕಲಿತದ್ದು. ವಯಸ್ಸಿನಲ್ಲಿ ಕ್ಯಾರಿಯರ್‌ಗೆ ಕೆಂಪು ಬಾಳೆಗೊನೆ ಕಟ್ಟಿಕೊಂಡು ಇಳಿಜಾರಿನಲ್ಲಿ ಬರುವಾಗ ಗಾಬರಿಯಿಂದ ಮುಂದಿನ ಬ್ರೇಕ್ ಹಿಡಿದಿದ್ದರು. ಗರಸಿನ ಮೇಲೆ ಚಕ್ರ ಜಾರಿ ಎಡಗೈ ಮುರಿಯಿತು. ಎಲುಬು ಕೂಡಿತು, ಮೊಣಕೈ ಮಾತ್ರ ಪೂರ್ತಿ ನೆಟ್ಟಗಾಗಲಿಲ್ಲ. ಅಂದಿನಿಂದ ಮನೆಗೆ ಬಂದ ಪ್ರತಿ ಗಾಡಿಯ ಮುಂದಿನ ಬ್ರೇಕ್ ಕೇಬಲನ್ನು ಸಡಿಲು ಮಾಡಿಸಿಬಿಡುತ್ತಿದ್ದರು. ಈಗಿನ ಟಿವಿಎಸ್ ಎಕ್ಸೆಲ್ಲಿನದೂ ಹಾಗೆಯೇ.

ನನ್ನ ತಮ್ಮ ಕಲಬುರಗಿಯ ಒಂದು ಗ್ಯಾರೇಜಿನಲ್ಲಿದ್ದಾನೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಒಮ್ಮೆಯಾದರೂ ಕಾರು ಓಡಿಸಬೇಕೆಂಬುದು ಅವನ ಹುಚ್ಚು. ಅದಕ್ಕಾಗಿ ಹಳೆಯ ಮಾರುತಿ 800 ಒಂದನ್ನು ಕೊಂಡು ಹಿಂದಿನ ಸೀಟು, ಸ್ಟೆಪ್ನಿ, ಮ್ಯಾಟು ಎಲ್ಲ ಕಿತ್ತು ಹಾಕಿದ. ಅಪ್ಪ ಅವನೊಂದಿಗೆ ಮಾತು ಬಿಟ್ಟರು.

ರಿಂಗ್ ರೋಡಿನಾಚೆ, ಸೈಟಿನ ಕಲ್ಲು ನೆಟ್ಟು ಒಂದು ಮನೆಯೂ ಏಳದ ಲೇಔಟಿನಲ್ಲಿ, ಒಡೆಯರನ್ನು ಕೇಳಿಕೊಂಡು ಒಂದು ಭಾನುವಾರ ಬೆಳಿಗ್ಗೆ ಬ್ರೇಕ್ ಪರೀಕ್ಷೆಗೆ ಹೋದೆವು. ಅರವತ್ತರ ವೇಗದಲ್ಲಿ ಬಂದ ತಮ್ಮ ಪೆಡಲ್ ಒತ್ತಿದ. ಕಾರಿನ ಹಿಂಭಾಗ ಪಕ್ಕಕ್ಕೆ ಸರಿದು, ಮುಂದೆ ಬಂದು, ಧೂಳಿನಲ್ಲಿ ಕಾರು ಬಂದ ದಾರಿಯನ್ನೇ ನೋಡುತ್ತ ನಿಂತಿತು. ಹೆಲ್ಮೆಟ್ಟಿನೊಳಗೆ ಅವನ ಮುಖ ಕಾಣಲಿಲ್ಲ. ನನ್ನ ಕಾಲು ನಡುಗುತ್ತಿದ್ದವು.

ಜೊತೆಗಿದ್ದ ಉಸ್ತಾದರು ಮಾತ್ರ ಬೀಡಿ ಆರಿಸಿ ಎದ್ದರು. “ಹಿಂದ ಭಾರನೇ ಇಲ್ಲ. ಬ್ರೇಕ್ ಮಾತ್ರ ಮೊದಲಿನಷ್ಟೇ ಅದ. ತಿರುಗ್ದೆ ಏನ್ ಮಾಡ್ತದ್ರಿ?”

ಆಮೇಲೆ ನೆಲದ ಮೇಲೆ ಲೆಕ್ಕ ಹಾಕಿ ತೋರಿಸಿದರು. ತಮ್ಮನೂ ಸೇರಿ ಕಾರಿನ ತೂಕ ಸುಮಾರು 650 ಕಿಲೊ. ನಿಂತಾಗ ಮುಂದೆ 400, ಹಿಂದೆ 250. ಜೋರಾಗಿ ಬ್ರೇಕ್ ಒತ್ತಿದರೆ ಮೂಗು ತಗ್ಗಿ ಹೆಚ್ಚುಕಡಿಮೆ 120 ಕಿಲೊ ಭಾರ ಮುಂದಕ್ಕೆ ಹೋಗುತ್ತದೆ. ಹಿಂದಿನ ಎರಡು ಟೈರಿಗೆ ಉಳಿಯುವುದು 130. ಅಷ್ಟು ಹಗುರಾದ ಚಕ್ರ ಬೇಗ ಲಾಕ್ ಆಗುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಸ್ಟೇರಿಂಗ್ ಕೇಳದಿದ್ದರೂ ಕಾರು ನೇರ ಹೋಗುತ್ತದೆ. ಹಿಂದಿನದು ಲಾಕ್ ಆದರೆ ಗಿರ್ರನೆ ತಿರುಗುತ್ತದೆ.

ಹಿಂದಿನ ಎರಡೂ ಚಕ್ರಕ್ಕೆ ಒಂದೇ ಪೈಪಿನಲ್ಲಿ ಆಯಿಲ್ ಹೋಗುವಂತೆ ಉಸ್ತಾದರು ಮೊದಲೇ ಲೈನ್ ಬದಲಿಸಿದ್ದರು. ಮುಂದಿನ ವಾರ ಅದರ ನಡುವೆ ತಿರುಗಿಸುವ ಗುಬ್ಬಿಯಿದ್ದ ವಾಲ್ವ್ ಕೂರಿಸಿದರು. ಮೆಲ್ಲಗೆ ಒತ್ತಿದರೆ ಅದು ಸುಮ್ಮನಿರುತ್ತದೆ. ಜೋರಾಗಿ ಒತ್ತಿದಾಗ ಹಿಂದಿನ ಒತ್ತಡ ಮುಂದಿನಷ್ಟು ಏರದಂತೆ ತಡೆಯುತ್ತದೆ. ಹಿಂದಿನ ಒತ್ತಡವನ್ನು ತೀರ ಕಡಿಮೆಗಿಟ್ಟು ಶುರು ಮಾಡಿದೆವು. ಟೈರಿನ ಪಕ್ಕಕ್ಕೆ ನಾನು ಸುಣ್ಣದ ಪಟ್ಟಿ ಬಳಿದು, ದೂರ ನಿಂತು ಯಾವ ಚಕ್ರ ಮೊದಲು ನಿಲ್ಲುತ್ತದೆಂದು ನೋಡಿ ಹೇಳಬೇಕು. ಅರ್ಧ ಸುತ್ತು, ಒಂದು ಓಟ. ಮತ್ತರ್ಧ ಸುತ್ತು, ಮತ್ತೊಂದು ಓಟ. ಹಿಂದಿನ ಪಟ್ಟಿ ಮೊದಲು ನಿಂತ ಕೂಡಲೇ ಕೈ ಎತ್ತಿದೆ. ಉಸ್ತಾದರು ಒಂದು ಸುತ್ತು ಹಿಂದಕ್ಕೆ ತಿರುಗಿಸಿದರು. “ಸಾಕು. ಮಳಿ ಬಂದ್ರ ಮತ್ತ ನೋಡ್ಬೇಕಾಗ್ತದ.” ಒದ್ದೆ ನೆಲದಲ್ಲಿ ಹಿಡಿತ ಕಡಿಮೆ, ಭಾರ ಅಷ್ಟು ಮುಂದಕ್ಕೆ ಹೋಗುವುದಿಲ್ಲ; ಆಗ ಹಿಂದಿನ ಬ್ರೇಕಿಗೆ ಪಾಲು ಹೆಚ್ಚು ಕೊಡಬಹುದಂತೆ.

ಹುಮನಾಬಾದ್ ರಸ್ತೆಯಲ್ಲಿ ಬಸ್ಸಿನಲ್ಲಿ ಊರಿಗೆ ಹೋಗುವಾಗ ನನಗೆ ಅಪ್ಪನ ಸೈಕಲ್ಲೇ ನೆನಪು. ಕ್ಯಾರಿಯರ್ ತುಂಬ ಬಾಳೆಗೊನೆ ಇದ್ದಾಗ ಭಾರವೆಲ್ಲ ಹಿಂದಿನ ಚಕ್ರದ ಮೇಲೆ. ಆ ಭಾರಕ್ಕೆ ಅವರ ಪಾಠ ಸರಿಯಾಗಿಯೇ ಇತ್ತು. ಗೊನೆ ಇಳಿಸಿ ಎಷ್ಟೋ ವರ್ಷವಾಯಿತು. ಪಾಠ ಹಾಗೇ ಉಳಿದಿದೆ.

ಇದನ್ನು ಅಪ್ಪನಿಗೆ ಹೇಳಿದೆ. ಅವರು ಅಡಿಕೆ ಅಗಿಯುತ್ತ ಕೇಳಿದರು, ಏನೂ ಅನ್ನಲಿಲ್ಲ. ಹಬ್ಬಕ್ಕೆ ತಮ್ಮ ಬಂದಾಗ ನನ್ನ ಕಡೆ ತಿರುಗಿ, “ಆ ಎಕ್ಸೆಲ್ ಕೇಬಲ್ ಒಂದಿಷ್ಟು ನೋಡಂತ ಹೇಳು” ಎಂದರು.

ತಮ್ಮ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಬಿಗಿ ಮಾಡಿದ. ಅಪ್ಪ ಎದ್ದು ಬಂದು ಮುಂದಿನ ಬ್ರೇಕಿನ ಹಿಡಿಯನ್ನು ಎರಡು ಸಲ ಒತ್ತಿ ನೋಡಿದರು.

“ಭಾಳ ಬಿಗಿ ಆಗ್ಯಾದ,” ಎಂದರು ಅವನಿಗೇ. “ಅರ್ಧ ಸುತ್ತು ಸಡಿಲ ಮಾಡು.”